ನಲವತ್ತು ಹೆಜ್ಜೆಗೊಂದು ದುರ್ಬೀನು

ಯಾರದೋ ಅತ್ತರು, ಯಾರದೋ ಹುಬ್ಬಿನ ಬೆವರು, ಕೋವಿ ದುರ್ಬೀನಿನ ಈ ರಬ್ಬರಿನ ಬಳೆಗೆ ಎಷ್ಟು ಮಂದಿ ಕಣ್ಣು ಒತ್ತಿ ಹೋಗಿದ್ದಾರೋ, ಅಂಟಂಟು, ಥೂ — ನೋಣಯ ಮುಖ ಹಿಂದಕ್ಕೆಳೆದು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ, ಒರೆಸಿದರೂ ವಾಸನೆ ಹೋಗಲಿಲ್ಲ, ಅಷ್ಟು ಒತ್ತಿ ಹಿಡೀಬಾರದು ನೋಣಯಣ್ಣ, ಕೌಂಟರಿನ ಆಚೆಯಿಂದ ನಝೀಮ್ ನಗುತ್ತಾನೆ, ಕಣ್ಣಿಗೂ ಗಾಜಿಗೂ ನಾಲ್ಕು ಬೆರಳು ಜಾಗ ಬಿಡಬೇಕು, ಇಲ್ಲದಿದ್ರೆ ಕೋವಿ ಒದ್ದಾಗ ಹುಬ್ಬು ಸೀಳಿ ಹೋಗ್ತದೆ, ಬೇಟೆಗಾರರಿಗೆ ನಾನು ಹೇಳಿ ಕೊಡ್ಬೇಕಾ ಮಾರಾಯ್ರೇ. ಉಪ್ಪಿನಂಗಡಿಯವನು, ಸೌದಿಯ ತಬೂಕಿನ ಈ ಬೇಟೆ ಸಾಮಾನಿನ ಅಂಗಡಿಯಲ್ಲಿ ಒಂಬತ್ತು ವರ್ಷ, ಜನ್ಮದಲ್ಲಿ ಕಾಗೆಗೂ ಕಲ್ಲು ಬೀಸಿದವನಲ್ಲ, ಆದರೆ ಯಾವ ದುರ್ಬೀನು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದೆಲ್ಲ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ಇದು ಆರರಿಂದ ಇಪ್ಪತ್ತನಾಲ್ಕು ಪಟ್ಟು, ದೊಡ್ಡವರೆಲ್ಲ ಇದನ್ನೇ ಒಯ್ಯುವುದು, ನೋಡಿ, ರಸ್ತೆಯಾಚೆ ನೋಡಿ. ನೋಡಿದ. ರಸ್ತೆಯಾಚೆ ಕಿತ್ತಳೆ ಅಂಗಿಯ ಬಂಗಾಳಿಯೊಬ್ಬ ಗುಡಿಸುವುದನ್ನು ನಿಲ್ಲಿಸಿ ನೀರು ಕುಡಿಯುತ್ತಿದ್ದಾನೆ, ಅವನ ಗಂಟಲ ಗಂಟು ಮೇಲೆ ಕೆಳಗೆ, ಮೇಲೆ ಕೆಳಗೆ, ಗುರಿಯ ಕಪ್ಪು ಕೂಡುಗೆರೆ ಸರಿಯಾಗಿ ಅದರ ಮೇಲೆಯೇ ಕೂತಿದೆ, ಒಂದು ರೋಮ ಬಿಳಿಯಾದದ್ದೂ ಕಾಣುತ್ತದೆ — ನೋಣಯ ಕೊಳವೆಯನ್ನು ಸರಕ್ಕನೆ ಸರಿಸಿದ, ಸರಿಸಿದ್ದೇ ತಡ ಬಂಗಾಳಿಯೂ ಇಲ್ಲ ರಸ್ತೆಯೂ ಇಲ್ಲ, ಬರೀ ಗೋಡೆ, ಗೋಡೆಯ ಒಂದು ಬಿರುಕು, ಹುಡುಕಿದರೆ ಮನುಷ್ಯ ಸಿಗುವುದೇ ಇಲ್ಲ.

ಕುವೈಸ್? ಎಂದು ಕೇಳಿದ ನವಾಫ್, ಒಳ್ಳೆಯದುಂಟಾ ಎಂದು, ಫೋನಿನಿಂದ ತಲೆ ಎತ್ತದೆ, ಸ್ಟೂಲಿನ ಮೇಲೆ ಕೂತು ಕಾಫಿ ಹೀರುತ್ತ. ವೀಸಾ ಕೊಟ್ಟು ತರಿಸಿಕೊಂಡ ಯಜಮಾನ ಕಫೀಲನ ಮಗ, ಅಲ್ಲ, ಈಗ ಅವನೇ ಕಫೀಲ್, ಎರಡು ಸಾವಿರದ ಹದಿನಾಲ್ಕರಲ್ಲಿ ಮುದುಕ ತೀರಿಕೊಂಡ ಮೇಲೆ ತೋಟ, ನೀರಿನ ಪಂಪು, ಬೇಲಿಯೊಳಗಿನ ಜಿಂಕೆಗಳು, ನೋಣಯನ ವಾಸದ ಚೀಟಿ ಇಕಾಮಾ, ಎಲ್ಲ ಇವನ ಕೈಗೆ ಬಂತು. ಕೆಟ್ಟವನಲ್ಲ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು, ಹಲ್ಲು ನೋವಿಗೆ ತಾನೇ ಕಾರಿನಲ್ಲಿ ಡಾಕ್ಟರ ಬಳಿ ಕರೆದುಕೊಂಡು ಹೋದವನು, ಊಟ ತಂದರೆ ಮೊದಲು ನೂನಾಗೆ ಕೊಡಿ ಎನ್ನುವವನು, ನೋಣಯ ಎಂಬುದು ನಾಲಗೆಗೆ ಬರದೆ ನೂನಾ. ನಝೀಮಿಗೂ ಬಂದ ಕೂಡಲೇ ಹೇಳಿಬಿಟ್ಟ, ನೂನಾ ಆರಿಸಲಿ, ಅವನ ಊರಿನ ಕಾಡು ದಟ್ಟ, ಅಲ್ಲಿ ಹತ್ತಿರದ ಗುರಿ, ನಲವತ್ತು ಹೆಜ್ಜೆಯಲ್ಲಿ ಒಂದೇ ಗುಂಡು, ಇಂಥ ಕೊಂಬು — ಎಂದು ಎರಡು ಕೈ ತಲೆಯ ಮೇಲೆ ಅಗಲಿಸಿ ತೋರಿಸಿದ. ನಝೀಮ್ ಹೌದಾ ನೋಣಯಣ್ಣ, ಎಂತ ನೀವು ಇಷ್ಟು ವರ್ಷ ಹೇಳಲೇ ಇಲ್ವಲ್ಲ ಎಂದ, ಕಣ್ಣು ಮಿಟುಕಿಸಿ. ಎಂತ ಹೇಳುವುದು, ನಿನ್ನ ತಲೆ. ಆ ಕೊಂಬು, ಆ ನಲವತ್ತು ಹೆಜ್ಜೆ, ಎಲ್ಲ ಊರಿನ ಸಾಂತಪ್ಪ ಮಾವನದ್ದು. ಹೋದ ಚಳಿಗಾಲ ಬೆಂಕಿ ಕಾಯಿಸುತ್ತ ನವಾಫ್ ಫೋನಿನಲ್ಲಿ ಬೇಟೆಯ ವೀಡಿಯೊ ತೋರಿಸಿದಾಗ, ನಿಮ್ಮಲ್ಲಿ ಇದೆಲ್ಲ ಉಂಟಾ ಎಂದು ಕೇಳಿದಾಗ, ಹತ್ತು ವರ್ಷ ಹುಲ್ಲು ಹಾಕಿದ, ಹಿಕ್ಕೆ ಬಾಚಿದವನ ಬಾಯಿಯಿಂದ ಅದೇಕೆ ಹಾಗೆ ಬಂತೋ, ನಾನೂ ಬೇಟೆಗಾರ, ಕಡವೆ, ಒಂದೇ ಈಡು — ನಾನು! ಬೇಟೆಯ ದಿವಸ ಹಾಡಿಯ ಕೆಳಗಿನಿಂದ ಮೃಗ ಎಬ್ಬಿಸಲು ಖಾಲಿ ಡಬ್ಬ ಬಡಿಯುತ್ತ ಬರುವವರ ಸಾಲಿನಲ್ಲಿ ಕಡೆಯವನು, ಅದು ನಾನು, ಕೋವಿಯ ಹಿಡಿ ಸಹ ಮುಟ್ಟಿದವನಲ್ಲ, ಡಬ್ಬ ಬಡಿದದ್ದಕ್ಕೆ ಪಾಲಿನಲ್ಲಿ ಕುತ್ತಿಗೆಯ ಎರಡು ತುಂಡು. ಒಂದು ಸುಳ್ಳು ಚಹಾದ ಜೊತೆ ಇಳಿದು ಹೋಗಬೇಕಿತ್ತು, ಇಲ್ಲಿ ಬಂದು ಕೌಂಟರಿನ ಮೇಲೆ ಕೂತಿದೆ.

ಗೋಡೆಯ ಮೇಲೆ ಒಂದು ಜಿಂಕೆಯ ತಲೆ, ಹುಲ್ಲು ತುಂಬಿ ಹೊಲಿದದ್ದು, ಮೂಗಿನ ಮೇಲೆ ಧೂಳು, ಒಂದು ಗಾಜಿನ ಕಣ್ಣು ಸಡಿಲಾಗಿ ಅಂಚಿನಲ್ಲಿ ಹಳದಿ ಅಂಟು ಒಸರಿ ಒಣಗಿದೆ, ಕೀವಿನ ಹಾಗೆ. ನೋಡಬಾರದು. ನೋಡಿದರೆ ಬೇಲಿಯೊಳಗಿನ ಬೊಳ್ಳಿ ನೆನಪಾಗುತ್ತಾಳೆ, ಬೊಳ್ಳಿಯ ಮೂಗು ಯಾವಾಗಲೂ ಒದ್ದೆ, ತಾಯಿ ಸತ್ತ ಮೂರನೇ ದಿನದ ಮರಿಗೆ ಆಡಿನ ಹಾಲನ್ನು ಬಾಟಲಿಯಲ್ಲಿ ಕುಡಿಸಿದ್ದು, ಬೇಲಿಯ ತಂತಿಗೆ ಸಿಕ್ಕಿ ಎಡ ಕಿವಿ ಸೀಳಿದಾಗ ಅರಿಸಿನ ಮೆತ್ತಿದ್ದು, ಮುದುಕ ಕಫೀಲ್ ನೋಡಿ ನಕ್ಕು ಇದು ನಿನ್ನ ಮಗಳು ನೂನಾ ಎಂದದ್ದು. ಈಗ ಮೂರು ವರ್ಷದ ಹೆಣ್ಣು. ಬೆಳಿಗ್ಗೆ ಹುರುಳಿಯ ಬಕೆಟ್ಟಿಗೆ ಬೆರಳ ಗೆಣ್ಣಿನಿಂದ ಟಣ್ ಟಣ್ ಎಂದರೆ ಸಾಕು, ಮುಳ್ಳುಮರದ ಕೆಳಗೆ ಮೊದಲು ಒಂದು ತಲೆ ಏಳುತ್ತದೆ, ಸೀಳು ಕಿವಿಯ ತಲೆ, ಆಮೇಲೆ ಉಳಿದ ಅರುವತ್ತು. ಓಡಿ ಬಂದು ಅಂಗೈ ನೆಕ್ಕುತ್ತಾಳೆ, ಬೆವರಿನ ಉಪ್ಪಿಗೆ, ಮರಳು ಕಾಗದದಂಥ ನಾಲಗೆ. ನೋಣಯ ಅಂಗೈಯನ್ನು ಪ್ಯಾಂಟಿಗೆ ಉಜ್ಜಿದ. ಜಾಸ್ತಿ ಆದವು, ಮೇವು ಸಾಲುವುದಿಲ್ಲ ಎಂದ ನವಾಫ್ ಮೊನ್ನೆ, ಅದೂ ಸುಳ್ಳಲ್ಲ, ಶುಕ್ರವಾರ ಜುಬೈಲಿನಿಂದ ನಾಲ್ವರು ಸ್ನೇಹಿತರು ಬರುತ್ತಾರೆ, ಹದಿನೈದನ್ನು ಹೊಡೆದು ತೆಗೆಯುವ, ಗಾಡಿಯಿಂದ ಇಳಿಯದೆ, ಬೇಲಿಯೊಳಗೇ. ಬೇಲಿಯೊಳಗೆ! ಇದಕ್ಕೆ ಬೇಟೆ ಎಂದು ಹೆಸರು, ಇದಕ್ಕೆ ದುರ್ಬೀನು. ಕೋಳಿಗೂಡಿಗೆ ಕೈ ಹಾಕಿ ಹಿಡಿಯುವವನೂ ಇದಕ್ಕಿಂತ ಮೇಲು, ಅವನು ಬೇಟೆಯ ಟೊಪ್ಪಿ ಹಾಕಿಕೊಳ್ಳುವುದಿಲ್ಲ. ಅಂಗಳಕ್ಕೆ ಬಂದದ್ದಕ್ಕೆ ಈಡಿಲ್ಲ ಎನ್ನುತ್ತಿದ್ದ ಸಾಂತಪ್ಪ ಮಾವ, ಒಮ್ಮೆ ನಾಯಿ ಅಟ್ಟಿಸಿ ತಂದ ಬರ್ಕ, ಆ ಪುಟ್ಟ ಕಾಡುಜಿಂಕೆ, ದನದ ಕೊಟ್ಟಿಗೆಗೆ ನುಗ್ಗಿದಾಗ ಕೋವಿ ಇದ್ದೂ ಬಾಗಿಲು ಅಡ್ಡ ಮಾಡಿ ನಾಯಿಗಳನ್ನೇ ಕಟ್ಟಿ ಹಾಕಿದವನು.

ದೊಡ್ಡದೇ ಸಾಕು ಎಂದು ಹೇಳಿಬಿಡಲಾ. ಇಪ್ಪತ್ತನಾಲ್ಕು ಪಟ್ಟಿನದು. ನಲವತ್ತು ಹೆಜ್ಜೆಯಲ್ಲಿ ಅದರೊಳಗೆ ಜಿಂಕೆ ಕಾಣುವುದಿಲ್ಲ, ಜಿಂಕೆಯ ರೋಮ ಕಾಣುತ್ತದೆ, ಓಡುವುದನ್ನು ಹಿಡಿಯಲು ಆಗುವುದಿಲ್ಲ, ಬಂಗಾಳಿ ತಪ್ಪಿ ಹೋದ ಹಾಗೆ ಬೊಳ್ಳಿಯೂ ತಪ್ಪುತ್ತಾಳೆ, ತಪ್ಪಲಿ, ಮರಳಿಗೆ ಹೊಡೆದು ಹೊಡೆದು ಗುಂಡು ಮುಗಿಯಲಿ — ಆದರೆ ಎಲ್ಲಿಯ ಮರಳಿಗೆ, ಅರುವತ್ತು ಮೈ ಒತ್ತೊತ್ತಿ ಓಡುವಾಗ ತಪ್ಪಿದ ಗುಂಡು ಮರಳಿಗೆ ಹೋಗುತ್ತದೆಯೇ. ಎಲೆಯ ಮೇಲಿನ ಹಸಿರು. ಬೇಡ, ಅದು ಬೇಡ. ಎಲೆಯ ಮೇಲೆ ರಕ್ತ ಇದ್ದರೆ ಸುಖ, ರಕ್ತದ ಜೊತೆ ಮೆಂದ ಮೇವಿನ ಹಸಿರು ಇದ್ದರೆ ಹೊಟ್ಟೆಗೆ ತಾಗಿದೆ ಎಂದು ಅರ್ಥ, ತಾಗಿದ್ದು ಸಿಗದೆ ಯಾರ ಬಾಯಿಗೂ ನೀರಿಲ್ಲ ಎಂಬುದು ಬೇಟೆಯ ಕಟ್ಟಳೆ, ಇಪ್ಪತ್ತರ ಪ್ರಾಯದಲ್ಲಿ ಆ ಹಸಿರು ಹಿಡಿದು ಮಾವನ ಹಿಂದೆ ಎರಡು ಹಗಲು ನಡೆದದ್ದು, ತೋಡಿನ ಕೆಸರಿನಲ್ಲಿ ಅವಳು ಕೂತಿದ್ದಳು, ಹೆಣ್ಣು ಕಡವೆ, ಸತ್ತಿರಲಿಲ್ಲ, ಗಾಯದೊಳಗೆ ಬಿಳಿ ಬಿಳಿ ಮಿಸುಕಾಡುತ್ತಿತ್ತು, ನೊಣದ ಮೋಡ, ಆ ನಾತ, ಸತ್ತದ್ದರ ನಾತವಲ್ಲ, ಬದುಕಿರುವಾಗಲೇ ಕೊಳೆತದ್ದರ ನಾತ. ನಮ್ಮ ಹೆಜ್ಜೆಯ ಸದ್ದಿಗೆ ತಲೆ ಎತ್ತಿ ನೋಡಿದಳು. ಮಾವ ಕೆಲಸ ಮುಗಿಸಿ, ತೋಡಿಗೆ ಬಗ್ಗಿ ವಾಂತಿ ಮಾಡಿ, ಮನೆಗೆ ಬಂದು ಕೋವಿಯನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ಬೇಟೆಯ ಬಗ್ಗೆ ನೋಣಯನಿಗೆ ಗೊತ್ತಿರುವುದು ಅದೊಂದೇ, ಆ ನಾತ, ಮತ್ತೆಲ್ಲ ಬಾಯಿಬಡಾಯಿ. ಈ ಜುಬೈಲಿನವರು ತಾಗಿದ್ದರ ಹಿಂದೆ ಎರಡು ಹಗಲು ನಡೆಯುವವರೇ? ಗಾಡಿಯ ಎಸಿ ಬಿಟ್ಟು?

ಸಣ್ಣದು ತೋರಿಸು ಎಂದ ನೋಣಯ. ತನ್ನದೇ ದನಿ ಯಾರೋ ದಲ್ಲಾಳಿಯ ದನಿಯಂತೆ ಕೇಳಿತು. ಎರಡರಿಂದ ಏಳು ಪಟ್ಟು, ನಝೀಮ್ ಪೆಟ್ಟಿಗೆ ಬಿಚ್ಚಿದ, ಹತ್ತಿರಕ್ಕೆ ಇದೇ ಸರಿ, ಅಗಲ ಕಾಣ್ತದೆ, ಬೆಳಕು ಇಳಿದ ಮೇಲೂ ಗೆರೆ ಮಸುಕಾಗೂದಿಲ್ಲ, ನೀವು ಬೇಟೆಗಾರರೇ ಹೌದು ಬಿಡಿ. ನಾಲ್ಕು ಬೆರಳು ಬಿಟ್ಟು ನೋಡಿದ. ಇಡೀ ರಸ್ತೆ ಇದೆ, ಬಂಗಾಳಿ ಇದ್ದಾನೆ, ಅವನ ಕೈಗಾಡಿ, ಆಚೆ ಓಡುವ ಬೆಕ್ಕು, ಬೆಕ್ಕಿನ ಹೆಗಲ ಹಿಂದೆ ಕೂಡುಗೆರೆ ಎಷ್ಟು ಸಲೀಸಾಗಿ ಹೋಗಿ ಕೂರುತ್ತದೆ, ಬೆಣ್ಣೆಗೆ ಕತ್ತಿ ಇಳಿದ ಹಾಗೆ. ಇದು. ಇದನ್ನು ಎರಡು ಪಟ್ಟಿನಲ್ಲೇ ಇಡಲಿ, ಹೆಗಲ ಹಿಂದೆ ಹೊಡೆಯಲಿ, ಒಂದೇ ಗುಂಡು. ನವಾಫನಿಗೆ ಹೇಳಿದ. ಕಟುಕನಿಗೆ ಕತ್ತಿ ಮಸೆದು ಕೊಟ್ಟು ಇದು ದಯೆ ಎಂದುಕೊಳ್ಳುವವನ ಮುಖಕ್ಕೆ ಯಾರು ಉಗಿಯಬೇಕು. ಆದರೂ ಕೇಳಿದ, ಒಂದನ್ನು ಬಿಡಿ, ಸೀಳು ಕಿವಿಯದ್ದು. ನವಾಫ್ ಫೋನು ಕೆಳಗಿಟ್ಟು ನಿಜವಾಗಿಯೇ ಯೋಚಿಸಿದ, ಬಿಡುವ ನೂನಾ, ನಿನಗೋಸ್ಕರ, ಆದರೆ ಧೂಳಿನಲ್ಲಿ ಕಿವಿ ಯಾರಿಗೆ ಕಾಣುತ್ತದೆ, ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟು. ನಝೀಮ್ ನಮ್ಮ ಭಾಷೆಯಲ್ಲಿ ಮೆಲ್ಲಗೆ, ಕಟ್ಟಬೇಡಿ ಮಾರಾಯ್ರೇ, ಆ ನಾಲ್ಕು ಜನಕ್ಕೆ ಯಾರು ಹೇಳ್ತಾರೆ, ಕೆಂಪು ಕಂಡರೆ ಮೊದಲ ಗುರಿ ಅದಕ್ಕೇ.

ಗಾಡಿಯಲ್ಲಿ ದುರ್ಬೀನಿನ ತಗಡು ಪೆಟ್ಟಿಗೆ ನೋಣಯನ ತೊಡೆಯ ಮೇಲೆ. ನಾಳೆ ರಾತ್ರಿಯೇ ಅವಳನ್ನು ಬೇಲಿ ದಾಟಿಸಿ ಬಿಟ್ಟರೆ — ಎಲ್ಲಿಗೆ, ನಾಯಿಗಳಿಗೆ? ಪಂಪಿನ ಕೋಣೆಯಲ್ಲಿ ಕೂಡಿ ಹಾಕಿದರೆ, ಹೌದು, ಪಂಪಿನ ಕೋಣೆ, ಬಾಗಿಲು ಗಟ್ಟಿ ಇದೆ, ಯಾಕೆ ಮೊದಲೇ ಹೊಳೆಯಲಿಲ್ಲ, ಕೊಟ್ಟಿಗೆಗೆ ನುಗ್ಗಿದ ಬರ್ಕನ ಹಾಗೆ ಅವಳೊಬ್ಬಳು — ಒಬ್ಬಳು. ಉಳಿದ ಅರುವತ್ತಕ್ಕೂ ಹಾಲು ಕುಡಿಸದಿದ್ದರೂ ಹುರುಳಿ ಹಾಕಿದ್ದು ಇದೇ ಕೈ. ಇನ್ನೊಂದು ಸಂಗತಿ ನೂನಾ, ಸ್ಟೇರಿಂಗ್ ತಿರುಗಿಸುತ್ತ ನವಾಫ್ ಖುಷಿಯಲ್ಲಿ ಹೇಳುತ್ತಿದ್ದಾನೆ, ಶುಕ್ರವಾರ ನೀನು ಮುಂದೆ ನಿಲ್ಲು, ಗಾಡಿ ಕಂಡರೆ ಅವು ಓಡುತ್ತವೆ, ನೀನು ಬಕೆಟ್ ಬಡಿ, ಬರುತ್ತವೆ, ನಿಲ್ಲುತ್ತವೆ, ಆಗ ಎಲ್ಲ ಒಂದೇ ಗುಂಡಿನಲ್ಲಿ, ನೀನು ಹೇಳಿದ ಹಾಗೇ. ಡಬ್ಬ ಬಡಿಯುವವನು. ಅಲ್ಲಿ ಡಬ್ಬದ ಸದ್ದಿಗೆ ಪ್ರಾಣ ಹಿಡಿದು ಓಡುತ್ತಿದ್ದವು, ಇಲ್ಲಿ ಓಡಿ ಬರುತ್ತವೆ, ಬಾಲ ಅಲ್ಲಾಡಿಸುತ್ತ ಬರುತ್ತವೆ, ಮಾಂಸದಲ್ಲಿ ಪಾಲೂ ಕೊಡುತ್ತಾರೆ, ಕುತ್ತಿಗೆಯ ತುಂಡು, ಆ ಕುತ್ತಿಗೆ — ಥೂ. ಕಿಟಕಿ ಇಳಿಸಿ ಉಗುಳಿದ, ಗಾಳಿ ಅರ್ಧವನ್ನು ತನ್ನ ಕೆನ್ನೆಗೇ ತಂದು ಹಾಕಿತು. ಏನಾಯಿತು ನೂನಾ ಎಂದ ನವಾಫ್. ಏನಿಲ್ಲ. ಯಲ್ಲಾ, ಹೋಗುವ. ಟಣ್ ಟಣ್. ಏನದು ಸದ್ದು, ಎಲ್ಲಿಂದ, ನೋಡಿದರೆ ತನ್ನದೇ ಬೆರಳ ಗೆಣ್ಣು, ತೊಡೆಯ ಮೇಲಿನ ಪೆಟ್ಟಿಗೆಯನ್ನು ತಾನಾಗಿ ಬಡಿಯುತ್ತಿದೆ, ಟಣ್ ಟಣ್, ನಿಲ್ಲಿಸು, ನಿಲ್ಲುವುದಿಲ್ಲ, ಮುಳ್ಳುಮರದ ಕೆಳಗೆ ಒಂದು ತಲೆ ಏಳುತ್ತದೆ, ಸೀಳು ಕಿವಿ, ಒದ್ದೆ ಮೂಗು, ಏಳುತ್ತದೆ, ಈ ಕಡೆಗೇ ನೋಡುತ್ತದೆ.