ಅತ್ತೆಯವರು ಲಾರಿ ಹತ್ತಿದ್ದು

ಆ ಕಾಲದಲ್ಲಿ ಲಾರಿ ಡ್ರೈವರಿಗೆ ಹೆಣ್ಣು ಕೊಡುವವರು ಎರಡೇ ಬಗೆಯವರು. ಮನೆ ತುಂಬ ಹೆಣ್ಣುಮಕ್ಕಳಿದ್ದು ಕೈಸೋತವರು ಒಂದು ಬಗೆ. ಹೆಣ್ಣೇ ಮೊದಲು ತೀರ್ಮಾನ ಮಾಡಿಬಿಟ್ಟಿದ್ದರಿಂದ ಬೇರೆ ದಾರಿ ಕಾಣದವರು ಇನ್ನೊಂದು ಬಗೆ. ನನ್ನ ಅತ್ತೆಯವರು ಎರಡನೆಯವರು. ಮದುವೆಯ ದಿನ ಎಲ್ಲ ತಾಯಂದಿರೂ ಅಳುತ್ತಾರೆ. ಅತ್ತೆಯವರು ಮಾತ್ರ ನನ್ನ ಮುಖವನ್ನೇ ನೋಡಿ ನೋಡಿ ಅತ್ತರು.

ಅವರ ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕ, ಆಫೀಸರು. ಯಾವ ಆಫೀಸಿನ ಆಫೀಸರು, ಅಲ್ಲಿ ಏನು ಮಾಡುತ್ತಾರೆ ಎಂಬುದು ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ಕೇಳಿದರೆ ಅವರಿಗೂ ಕಷ್ಟವಾದೀತೆಂದು ನಾನು ಕೇಳಿಲ್ಲ. ಅವರಿಗೆ ಆಫೀಸಿನ ಕಾರಿತ್ತು, ಕಾರಿಗೆ ಬಿಳಿ ಪರದೆ ಇತ್ತು. ಅತ್ತೆಯವರು ಮನೆಗೆ ಬಂದವರಿಗೆಲ್ಲ ಮೊದಲು ಆ ಪರದೆಯ ವಿಷಯ ಹೇಳುತ್ತಿದ್ದರು. ಚಿಕ್ಕ ಅಳಿಯನ ಮಾತು ಬಂದರೆ "ಅವರು ಸಾಗಾಣಿಕೆ ವಿಭಾಗದಲ್ಲಿದ್ದಾರೆ" ಎಂದು ಹೇಳಿ, ಒಲೆಯ ಮೇಲೆ ಏನೋ ಇದೆ ಎಂಬಂತೆ ಒಳಗೆ ಹೋಗುತ್ತಿದ್ದರು.

ಮಾವನವರು ತೀರಿಕೊಂಡ ಮೇಲೆ ಅವರು ನಮ್ಮ ಮನೆಯಲ್ಲೇ ಇದ್ದರೂ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ಕೂತು ಉಣ್ಣುತ್ತಿದ್ದರೂ ಮಗಳ ಕಡೆ ತಿರುಗಿ, "ಇನ್ನೂ ಸ್ವಲ್ಪ ಬೇಕಾ ಅಂತ ಕೇಳು ಅವರನ್ನ" ಎನ್ನುತ್ತಿದ್ದರು. ಇವಳು ಕೇಳುತ್ತಿದ್ದಳು, ನಾನು ಬೇಡ ಎನ್ನುತ್ತಿದ್ದೆ, ಇವಳು ಅದನ್ನು ಅಮ್ಮನಿಗೆ ತಲುಪಿಸುತ್ತಿದ್ದಳು. ಎರಡು ದೇಶಗಳ ನಡುವೆ ರಾಯಭಾರಿ ಇದ್ದ ಹಾಗೆ.

ಹೀಗಿರುವಾಗ ಒಂದು ಸಲ ಬಸ್ಸಿನವರೂ ರೈಲಿನವರೂ ಒಟ್ಟಿಗೆ ಮುಷ್ಕರ ಹೂಡಿದರು. ಅದೇ ಹೊತ್ತಿಗೆ ದೂರದ ಊರಿನಲ್ಲಿದ್ದ ದೊಡ್ಡ ಮಗಳಿಗೆ ದಿನ ತುಂಬಿತ್ತು. ಅತ್ತೆಯವರು ಆಫೀಸರ ಕಾರನ್ನು ಕಳಿಸಲು ಹೇಳಿಸಿದರು. ಸರಕಾರದ ಕಾರನ್ನು ಸ್ವಂತ ಕೆಲಸಕ್ಕೆ ಬಳಸುವುದು ನನ್ನ ಮನಸ್ಸಾಕ್ಷಿಗೆ ಒಪ್ಪದು ಎಂದು ಷಡ್ಡಕರಿಂದ ಉತ್ತರ ಬಂತು. ಆ ಮನಸ್ಸಾಕ್ಷಿ ರಜೆಯ ದಿನಗಳಲ್ಲಿ ಕೆರೆ ದಂಡೆಗೆ ಹವಾ ಸೇವನೆಗೆ ಅದೇ ಕಾರಿನಲ್ಲಿ ಹೋಗುತ್ತಿತ್ತು. ಆದರೆ ದೊಡ್ಡವರ ಮನಸ್ಸಾಕ್ಷಿಯ ವಿಷಯ ನಮಗೇಕೆ.

ಆ ವಾರ ನನಗೆ ಆ ಕಡೆಗೇ ಲೋಡಿತ್ತು. ಹೆಂಡತಿ ಹೇಳಿದಳು, "ರೀ, ಅಮ್ಮನ್ನ ಕರ್ಕೊಂಡು ಹೋಗಿ."

"ಲಾರೀಲಾ? ನಿಮ್ಮಮ್ಮ ಒಪ್ತಾರಾ?"

"ಒಪ್ಪಿದ್ದಾರೆ. ಆದ್ರೆ ಯಾರಿಗೂ ಹೇಳ್ಬಾರ್ದಂತೆ."

ಯಾರಿಗೂ ತಿಳಿಯದ ಹಾಗೆ ಅತ್ತೆಯವರನ್ನು ಲಾರಿ ಹತ್ತಿಸುವುದು ಸುಲಭದ ಕೆಲಸವಾಗಿರಲಿಲ್ಲ. ಲಾರಿಯ ಮೆಟ್ಟಿಲು ಅವರ ಮೊಣಕಾಲಿಗಿಂತ ಎತ್ತರ. ಒಂದು ಸ್ಟೂಲು ತಂದೆವು. ಶೆಡ್ಡಿನ ಮೆಕ್ಯಾನಿಕ್ಕು ಒಂದು ಕಡೆ, ಹಮಾಲಿ ಇನ್ನೊಂದು ಕಡೆ ನಿಂತು, ಬೀರು ಏರಿಸುವವರಂತೆ "ಸ್ವಲ್ಪ ಈ ಕಡೆ, ಇನ್ನೂ ಸ್ವಲ್ಪ ಎತ್ತು" ಎನ್ನುತ್ತ ಏರಿಸಿದರು. ನನ್ನ ಕ್ಲೀನರ್, ನನಗಿಂತ ಹಿರಿಯ ಮನುಷ್ಯ, ಕಾಮಾಲೆಯಾಗಿ ಮಲಗಿದ್ದ. ಅವನ ಜಾಗದಲ್ಲಿ ಅತ್ತೆಯವರು ಕೂತರು. ಮಡಿಲಲ್ಲಿ ಚೀಲ, ಮುಖದ ಮೇಲೆ ಕರವಸ್ತ್ರ.

ಲಾರಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಮಾಲೀಕರು ಲಾರಿಗಳನ್ನು ಸ್ವಂತ ಮಕ್ಕಳಂತೆ ನೋಡಿಕೊಳ್ಳುತ್ತಾರೆ ಎಂಬ ಹೆಸರಿತ್ತು. ನಿಜ. ದುಡಿಯಲು ಶುರು ಮಾಡಿದ ಮೇಲೆ ಎರಡರ ಮೇಲೂ ಅವರು ಖರ್ಚು ಮಾಡುತ್ತಿರಲಿಲ್ಲ. ಕನ್ನಡಿಯನ್ನು ತಂತಿಯಿಂದ ಕಟ್ಟಿತ್ತು. ಹ್ಯಾಂಡ್‌ಬ್ರೇಕು ಕೈಯಿಡಲು ಅನುಕೂಲವಾಗಿತ್ತು, ಬೇರೆ ಉಪಯೋಗವಿರಲಿಲ್ಲ. ಹಾರನ್ ಒಂದು ಬಿಟ್ಟು ಉಳಿದೆಲ್ಲವೂ ಸದ್ದು ಮಾಡುತ್ತಿದ್ದವು.

ಊರು ದಾಟುವವರೆಗೆ ಅತ್ತೆಯವರು ಮಾತಾಡಲಿಲ್ಲ. ಆಮೇಲೆ ಅವರಿಗೆ ಒಂದು ತೊಂದರೆ ಎದುರಾಯಿತು. ರಾಯಭಾರಿ ಮನೆಯಲ್ಲಿ ಉಳಿದಿದ್ದಳು. ಸ್ವಲ್ಪ ಹೊತ್ತು ಯೋಚಿಸಿ ಅವರು ಮುಂದಿನ ಗಾಜಿನ ಜೊತೆ ಮಾತು ಶುರು ಮಾಡಿದರು.

"ಲಾರೀಲಿ ಏನು ತುಂಬಿದ್ದಾರೋ" ಎಂದು ಗಾಜನ್ನು ಕೇಳಿದರು.

"ಪಿಂಗಾಣಿ ಸಾಮಾನು ಅತ್ತೆ."

ಅವರ ಮುಖ ಸ್ವಲ್ಪ ಸಡಿಲವಾಯಿತು. ಪಿಂಗಾಣಿ ಎಂದರೆ ಮರ್ಯಾದಸ್ಥರ ಸಾಮಾನು. ಮುಂದಿನ ಪ್ರಶ್ನೆಯೂ ಗಾಜಿಗೇ ಹೋಯಿತು. "ಕಾಲಡಿ ಇದೇನೋ ಮರದ ತುಂಡು. ಕಾಲು ಚಾಚೋಕೆ ಬಿಡ್ತಿಲ್ಲ."

"ಚಕ್ರಕ್ಕೆ ಕೊಡೋದು ಅತ್ತೆ. ಇರ್ಲಿ ಬಿಡಿ."

ಮಧ್ಯಾಹ್ನ ಡ್ರೈವರುಗಳು ಉಣ್ಣುವ ಅಂಗಡಿಯಲ್ಲಿ ನಿಲ್ಲಿಸಿದೆ. ಅತ್ತೆಯವರು ಕೆಳಗಿಳಿಯುವುದಿಲ್ಲ, ಅಲ್ಲಿ ಎಂಥೆಂಥವರು ಇರುತ್ತಾರೋ ಎಂದರು. ಆ ಎಂಥೆಂಥವರೇ ಎದ್ದು ಬಂದು, ಲಾರಿಯ ಬಾಗಿಲಿಗೆ ಬೆಂಚು ತಂದಿಟ್ಟು, "ಬನ್ನಿ ಅಮ್ಮ, ಹುಷಾರು" ಎಂದು ಇಳಿಸಿದರು. ಫ್ಯಾನಿನ ಕೆಳಗಿದ್ದ ಒಂದೇ ಒಂದು ಕುರ್ಚಿಯಲ್ಲಿ ಕೂರಿಸಿದರು. ಅಂಗಡಿಯವನು ಅವರ ತಟ್ಟೆಯನ್ನು ಎರಡು ಸಲ ತೊಳೆದ. ಅತ್ತೆಯವರು ಮೂರನೆಯ ಸಲ ತೊಳೆಸಿದರು. ಊಟ ಮುಗಿಯುವಷ್ಟರಲ್ಲಿ ಅಲ್ಲಿದ್ದವರಲ್ಲಿ ಯಾರಿಗೆ ಮದುವೆಯಾಗಿದೆ, ಯಾರಿಗಿಲ್ಲ, ಯಾರ ಹೆಂಡತಿಗೆ ಸೊಂಟ ನೋವು ಎಂಬುದೆಲ್ಲ ಅವರಿಗೆ ತಿಳಿದಿತ್ತು. ನಾನು ಅದೇ ಜನರೊಂದಿಗೆ ವರ್ಷಗಟ್ಟಲೆ ಉಂಡಿದ್ದೆ. ನನಗೆ ಒಬ್ಬನ ಹೆಂಡತಿಯ ಸೊಂಟವೂ ಗೊತ್ತಿರಲಿಲ್ಲ.

ಮುಂದೆ ಚೆಕ್‌ಪೋಸ್ಟು. ಅಲ್ಲಿನ ಸಾಹೇಬರು ಕೋಲಿನಿಂದ ಟೈರು ಬಡಿದು, ಲೋಡೇನೆಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆಯವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಪಿಂಗಾಣಿ. ಒಡೆಯೋ ಸಾಮಾನು. ನಿಧಾನಕ್ಕೆ ಮುಟ್ಟಿ."

ಸಾಹೇಬರಿಗೆ ಅಪ್ಪಣೆ ಕೊಟ್ಟು ಅಭ್ಯಾಸವಿತ್ತು, ಕೇಳಿ ಇರಲಿಲ್ಲ. ಟಾರ್ಪಾಲು ಬಿಚ್ಚಲು ಹೇಳಿದರು. ಚೆಕ್‌ಪೋಸ್ಟಿನ ಸ್ಟೂಲು ತರಿಸಿಕೊಂಡು ಅತ್ತೆಯವರೂ ಇಳಿದು ಬಂದರು. ದೊಡ್ಡ ಮಗಳಿಗೆ ಒಂದು ಜೊತೆ ಕಪ್ಪು ಸಾಸರು ಕೊಂಡುಕೊಳ್ಳಲು ಸಿಗಬಹುದೇ ಎಂದು ನೋಡುವ ಆಸೆ ಅವರಿಗೆ. ಟಾರ್ಪಾಲು ಸರಿಯಿತು. ಹುಲ್ಲಿನ ನಡುವೆ ಸಾಲುಸಾಲಾಗಿ ಬಿಳಿ ಕಮೋಡುಗಳು, ಬಾಯಿ ತೆರೆದು ಆಕಾಶ ನೋಡುತ್ತ ಕೂತಿದ್ದವು.

ಸಾಹೇಬರು ನಗು ತಡೆಯಲಾರದೆ ಅತ್ತ ತಿರುಗಿದರು. ಅತ್ತೆಯವರು ಅದೇ ಸ್ಟೂಲು ಹತ್ತಿ ಹೋಗಿ ಸೀಟಿನಲ್ಲಿ ಕೂತರು. ಬಹಳ ದೂರ ಹೋದ ಮೇಲೆ ಗಾಜಿಗೆ ಹೇಳಿದರು, "ಕಪ್ಪು ಸಾಸರು ಅಂದ್ಕೊಂಡಿದ್ದೆ."

"ಇದೂ ಪಿಂಗಾಣೀನೇ ಅಲ್ವಾ ಅತ್ತೆ."

"ನಾನು ಯಾರ ಹತ್ರಾನೂ ಮಾತಾಡ್ಲಿಲ್ಲ."

ಬೆಟ್ಟ ಶುರುವಾದದ್ದು ಇಳಿಹೊತ್ತಿಗೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆಗೆ ಅತ್ತೆಯವರು ಕೂತಿದ್ದರು. ಲಾರಿ ತಿಣುಕುತ್ತ ಏರುತ್ತಿತ್ತು. ಅರ್ಧ ಏರಿದ ಮೇಲೆ, ಒಂದು ತಿರುವು ಮುಗಿಸಿ ನೆಟ್ಟಗಿನ ಏರಿಗೆ ಬಂದಾಗ, ಗೇರು ಹಾರಿತು. ಮತ್ತೆ ಹಾಕಲು ಹೋದೆ, ಇಂಜಿನ್ನು ನಿಂತುಹೋಯಿತು.

ಅಂಥ ಹಳೆಯ ಗಾಡಿಗಳಲ್ಲಿ ಇಂಜಿನ್ನು ನಿಂತರೆ ಬ್ರೇಕಿನ ಅರ್ಧ ಪ್ರಾಣವೂ ಹೋದಂತೆ. ಎರಡೂ ಕಾಲಿನಿಂದ ಪೆಡಲು ತುಳಿದು ನಿಂತುಬಿಟ್ಟೆ. ಲಾರಿ ಒಂದು ಕ್ಷಣ ನಿಂತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ತಿರುವು, ತಿರುವಿನಾಚೆ ಕಣಿವೆ. ಮನೆಯಲ್ಲಿ ಇವಳು ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು.

"ಅತ್ತೆ, ಇಳೀರಿ. ಕಾಲಡಿ ಇರೋ ಮರದ ತುಂಡು ತಗೊಂಡು ಹಿಂದಿನ ಚಕ್ರದ ಹಿಂದೆ ಇಡಿ."

"ಯಾವ ಚಕ್ರ?"

"ಹಿಂದಿಂದು."

"ಎರಡು ಕಡೇನೂ ಇದೆ."

"ಅತ್ತೆ, ಯಾವುದಾದ್ರೂ ಒಂದು."

ಇಬ್ಬರು ಗಂಡಸರು, ಒಂದು ಸ್ಟೂಲು ಬೇಕಾಗಿದ್ದ ಹೆಂಗಸು ಬಾಗಿಲು ತೆರೆದು ಧುಮುಕಿದರು. ಕಣಿವೆಯ ಅಂಚಿಗೂ ಚಕ್ರಕ್ಕೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ತಂತಿ ಕಟ್ಟಿದ ಕನ್ನಡಿಯಲ್ಲಿ ನನಗೆ ಕಂಡದ್ದು ಬರೀ ಆಕಾಶ. ಲಾರಿ ಇನ್ನೂ ಜಾರುತ್ತಿತ್ತು, ಹಿಂದೆ ಕಮೋಡುಗಳು ಹಲ್ಲು ಕಡಿಯುವಂತೆ ಸದ್ದು ಮಾಡುತ್ತಿದ್ದವು. ಅವರು ಬಿದ್ದರೋ, ಚಕ್ರದಡಿ ಸಿಕ್ಕರೋ ಎಂದು ಕೂಗಿ ಕೇಳಲೂ ನನಗೆ ಉಸಿರಿರಲಿಲ್ಲ. ಆಗ ದಡ್ ಎಂದು ಸದ್ದಾಯಿತು. ಲಾರಿ ನಿಂತಿತು.

"ಅಳಿಯಂದ್ರೇ" ಎಂದು ಹಿಂದಿನಿಂದ ಕೇಳಿತು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕರೆದದ್ದು ಅದೇ ಮೊದಲು. "ಇಟ್ಟಾಯ್ತು. ಕಾಲು ತೆಗೀರಿ."

ನಾನು ತೆಗೆಯಲಿಲ್ಲ. ತೆಗೆಯಲು ಕಾಲು ನನ್ನ ಮಾತು ಕೇಳಬೇಕಲ್ಲ.

"ತೆಗೀರಿ ಅಂದ್ನಲ್ಲ. ನಾನಿಲ್ಲಿ ನೋಡ್ತಿದ್ದೀನಿ."

ತೆಗೆದೆ. ಲಾರಿ ಅಲುಗಲಿಲ್ಲ. ಇಳಿದು ಬಂದು ಬಂಡೆಗೆ ಒರಗಿ ನಿಂತೆ. ಅತ್ತೆಯವರ ಕೈ ತರಚಿತ್ತು, ಒಂದು ಚಪ್ಪಲಿ ಕಣಿವೆಗೆ ಹೋಗಿತ್ತು. ಅವರು ತಮ್ಮ ಬಾಟಲಿಯ ನೀರನ್ನು ನನಗೆ ಕೊಟ್ಟರು. ನಾನು ಕುಡಿಯುವುದನ್ನು ನೋಡುತ್ತ ಕೇಳಿದರು, "ದಿನಾ ಹೀಗೇನಾ?"

"ದಿನಾ ಇಲ್ಲ. ಬೆಟ್ಟ ಇರೋ ದಿನ."

"ಅವಳಿಗೆ ಗೊತ್ತಾ?"

"ಇಲ್ಲ ಅತ್ತೆ."

"ಹೇಳ್ಬೇಡಿ" ಎಂದರು. ಬಾಟಲಿಯ ಮುಚ್ಚಳ ತಿರುಗಿಸುತ್ತ, "ನಾನೂ ಹೇಳಲ್ಲ" ಎಂದರು.

ಇಂಜಿನ್ನು ತಣಿದ ಮೇಲೆ ಹೊರಡಿಸಿದೆ. ಹೊರಡುವಾಗ ಮತ್ತೆ ಜಾರಿದರೆ ತುಂಡು ಕೊಡಲು ಚಕ್ರದ ಹತ್ತಿರ ಒಬ್ಬರು ನಿಂತಿರಬೇಕು, ಒಮ್ಮೆ ಹೊರಟರೆ ಮೇಲೆ ಸಮತಟ್ಟು ಬರುವವರೆಗೆ ನಿಲ್ಲಿಸುವಂತಿಲ್ಲ. ಆದ್ದರಿಂದ ಅತ್ತೆಯವರು ಉಳಿದ ಏರನ್ನು ನಡೆದೇ ಬಂದರು. ಮೇಲೆ ನಿಂತು ಕಾಯುತ್ತಿದ್ದ ನನಗೆ ಮೊದಲು ಕಂಡದ್ದು ಮರದ ತುಂಡು, ಆಮೇಲೆ ಅದನ್ನು ತಲೆಯ ಮೇಲೆ ಹೊತ್ತ ಅತ್ತೆಯವರು. ಒಂದೇ ಕಾಲಿಗೆ ಚಪ್ಪಲಿ.

"ಅದನ್ನ ಅಲ್ಲೇ ಬಿಟ್ಟು ಬರೋದಲ್ವಾ ಅತ್ತೆ."

"ಮುಂದೆ ಇನ್ನೂ ಬೆಟ್ಟ ಇಲ್ವಾ?"

ಇತ್ತು. ಅವರನ್ನು ಲಾರಿ ಹತ್ತಿಸಿ, ತುಂಡನ್ನು ಮತ್ತೆ ಅವರ ಕಾಲಡಿಗೇ ಇಟ್ಟೆ.

ಮರುದಿನ ಬೆಳಿಗ್ಗೆ ಷಡ್ಡಕರ ಬೀದಿ ಸೇರಿದೆವು. ಎಲ್ಲ ಆಫೀಸರುಗಳ ಮನೆ. ಎಲ್ಲ ಮನೆಗೂ ಒಂದೇ ಬಣ್ಣ, ಎಲ್ಲ ಕಿಟಕಿಗೂ ಒಬ್ಬೊಬ್ಬರು. ಚೆಕ್‌ಪೋಸ್ಟಿನ ಸಾಹೇಬರು ಬಿಚ್ಚಿಸಿದ್ದ ಟಾರ್ಪಾಲನ್ನು ನಾನು ಸರಿಯಾಗಿ ಬಿಗಿದಿರಲಿಲ್ಲ. ದಾರಿಯ ಗಾಳಿಗೆ ಅದು ಮಡಚಿಕೊಂಡಿತ್ತು. ಹೀಗಾಗಿ ನಮ್ಮ ಸರಕನ್ನು ಇಡೀ ಬೀದಿ ಕಣ್ತುಂಬ ನೋಡಿತು. ಷಡ್ಡಕರು ಕ್ಷೌರದ ನೊರೆ ಹಚ್ಚಿಕೊಂಡೇ ಓಡಿ ಬಂದರು.

"ಅತ್ತೆ, ನೀವು ಇದ್ರಲ್ಲಿ ಬಂದ್ರಾ?"

"ಮತ್ತೆ, ನಿಮ್ಮ ಕಾರಲ್ಲಿ ಬಂದ್ನಾ?"

ಷಡ್ಡಕರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಲಾರೀನ ಬೇರೆ ಬೀದೀಲಿ ನಿಲ್ಸಿ. ಇಲ್ಲೆಲ್ಲ ಮರ್ಯಾದಸ್ಥರಿದ್ದಾರೆ, ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ. ಆದರೆ ಬೀದಿ ಇಕ್ಕಟ್ಟು, ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ತೆಗೆಯಬೇಕು. ಕ್ಲೀನರಿಲ್ಲ. ಒಳಗೆ ಹೋಗಿದ್ದ ಅತ್ತೆಯವರು, ಮಗಳನ್ನು ಮಾತಾಡಿಸಿ, ಅವಳ ಹಳೆಯ ಚಪ್ಪಲಿ ಮೆಟ್ಟಿ ಹೊರಗೆ ಬಂದರು. ಲಾರಿಯ ಹಿಂದೆ ನಿಂತು ಕೈ ಎತ್ತಿದರು.

"ಬರ್ಲಿ, ಬರ್ಲಿ. ಎಡಕ್ಕೆ ತಿರುಗ್ಸಿ. ಬರ್ಲಿ. ಹೋಲ್ಡಾನ್."

ನಿಲ್ಲಿಸಿ ಎನ್ನುವ ಬದಲು ಹೇಳುವ ಆ ಹೋಲ್ಡಾನನ್ನು ಅವರು ದಾರಿಯ ಅಂಗಡಿಯಲ್ಲಿ ಕಲಿತಿದ್ದರು. ಉಳಿದದ್ದನ್ನು ಕಲಿಯಬೇಕಾಗಿರಲಿಲ್ಲ. ಎದುರಿಗಿರುವವರನ್ನು ಹಿಂದೆ ಸರಿಸುವುದರಲ್ಲಿ ಅವರಿಗೆ ಮಾವನವರ ಕಾಲದಿಂದಲೂ ಅನುಭವವಿತ್ತು. ಒಂದು ಹೂಕುಂಡಕ್ಕೂ ತಾಗದಂತೆ ಲಾರಿ ಹೊರಬಂತು. ಷಡ್ಡಕರ ಮುಖದ ನೊರೆ ಅಷ್ಟರಲ್ಲಿ ಒಣಗಿತ್ತು.

ಅದೇ ವಾರ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಸುಖವಾಗಿದ್ದರು. ಕೆಲವು ತಿಂಗಳ ಮೇಲೆ ಅತ್ತೆಯವರು ಹಿಂತಿರುಗುವಾಗ ಮುಷ್ಕರ ಮುಗಿದು ಎಷ್ಟೋ ಕಾಲವಾಗಿತ್ತು. ಷಡ್ಡಕರು ರೈಲಿನ ಮೊದಲ ದರ್ಜೆಗೆ ಟಿಕೆಟ್ಟು ತೆಗೆಸಿದರು. ರೈಲಿನಲ್ಲಿ ತಲೆ ಸುತ್ತುತ್ತದೆ ಎಂದು ಹೇಳಿ ಅತ್ತೆಯವರು ನಮಗೆ ಫೋನು ಮಾಡಿಸಿದರು. ಅವರು ಹುಟ್ಟಿದಾಗಿನಿಂದ ರೈಲಿನಲ್ಲಿ ತಲೆ ಸುತ್ತಿದ್ದನ್ನು ಯಾರೂ ಕಂಡವರಿಲ್ಲ.

ಆಮೇಲೆ ಅದೊಂದು ಪದ್ಧತಿಯೇ ಆಯಿತು. ಮೊಮ್ಮಗಳನ್ನು ನೋಡುವ ನೆಪದಲ್ಲಿ ವರ್ಷಕ್ಕೆರಡು ಸಲ ಅವರು ನನ್ನ ಲಾರಿ ಹತ್ತುತ್ತಿದ್ದರು. ದಾರಿಯ ಅಂಗಡಿಯಲ್ಲಿ ನಾನೊಬ್ಬನೇ ಇಳಿದರೆ ಅಲ್ಲಿನವರು "ಅಮ್ಮ ಬಂದಿಲ್ವಾ?" ಎಂದು ಕೇಳಿ, ಇಲ್ಲ ಎಂದರೆ ಉಳಿದ ತಂಗಳನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. ಹಾಗೆಂದು ಅತ್ತೆಯವರು ನನ್ನ ಕೆಲಸವನ್ನು ಹೊಗಳಿದರೆಂದು ಯಾರೂ ತಿಳಿಯಬಾರದು. ದಾರಿಯುದ್ದಕ್ಕೂ ಬೈಯುತ್ತಲೇ ಬರುತ್ತಿದ್ದರು. ವ್ಯತ್ಯಾಸ ಇಷ್ಟೇ, ಈಗ ನೇರವಾಗಿ ನನಗೇ ಬೈಯುತ್ತಿದ್ದರು.

ಕಣ್ಣು ಮಂಜಾಗಿ ನಾನು ಸ್ಟಿಯರಿಂಗ್ ಬಿಟ್ಟ ದಿನ ಹೆಂಡತಿ ಸಮಾಧಾನದ ಉಸಿರು ಬಿಟ್ಟಳು. ಇನ್ನು ಮನೆಯಲ್ಲೇ ಇರುತ್ತೀರಲ್ಲ ಎಂದಳು. ಅತ್ತೆಯವರು ಮುಖ ಊದಿಸಿಕೊಂಡು ಕೂತರು.

"ಕನ್ನಡಕ ಹಾಕ್ಕೊಂಡ್ರೆ ಆಗಲ್ವಾ?" ಎಂದು ಕೇಳಿದರು.

"ಹಾಕ್ಕೊಂಡೇ ಕಾಣ್ತಿಲ್ಲ ಅತ್ತೆ."

"ಡಾಕ್ಟ್ರು ಸರಿಯಾಗಿ ನೋಡಿಲ್ಲ" ಎಂದು ತೀರ್ಮಾನ ಕೊಟ್ಟು, ಅವತ್ತು ಊಟ ಬಿಟ್ಟರು.

ಮಾಲೀಕರು ನನಗೆ ಗೋದಾಮಿನ ಗೇಟಿನಲ್ಲಿ ಒಂದು ಕುರ್ಚಿ ಕೊಟ್ಟರು. ಅದಕ್ಕೂ ಒಂದು ಕಾಲು ಸರಿಯಿರಲಿಲ್ಲ. ಬರುವ ಲಾರಿಗೆ ಗೇಟು ತೆಗೆಯುವುದು, ಹೋಗುವ ಲಾರಿಗೆ ಮುಚ್ಚುವುದು ಕೆಲಸ. ಒಂದು ದಿನ ಹೆಂಡತಿಗೆ ಜ್ವರವಿತ್ತೆಂದು ಅತ್ತೆಯವರು ನನಗೆ ಬುತ್ತಿ ತಂದರು. ಅಂಗಳದಲ್ಲಿ ಹಳೆಯ ದಾರಿಯ ಡ್ರೈವರುಗಳು ನಾಲ್ಕೈದು ಜನ ಲೋಡಿಗೆ ಕಾಯುತ್ತಿದ್ದರು. ಅವರು "ಅಮ್ಮ" ಎಂದು ಎದ್ದು ನಿಂತರು. ಅತ್ತೆಯವರು ಬುತ್ತಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವರ ನಡುವೆ ಹೋಗಿ ಕೂತು, ಬೆಟ್ಟದ ರಸ್ತೆ ಅಗಲ ಮಾಡಿದ್ದಾರಂತೆ ಹೌದಾ ಎಂದು ವಿಚಾರಿಸತೊಡಗಿದರು. ಅವತ್ತು ನನಗೆ ಊಟ ಸಿಕ್ಕಿದ್ದು ಸಂಜೆಯ ಟೀ ಹೊತ್ತಿಗೆ.