ಭುವನಾಳ ತೊದಲು

ಶಾಲೆಯ ಪಾಲಕರ ಸಭೆಯಲ್ಲಿ ಕೇಳಿದ ಮಾತು ಶಿವಬಸವ್ವನ ಎದೆಯಲ್ಲೇ ಉಳಿಯಿತು. ಇಳಕಲ್ಲಿನ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ನಿಖತ ಮೇಡಂ, ತಾನು ವಿಚಾರಿಸಿದ ಮನೆಗಳಲ್ಲಿ, ಹೊರಗೆ ದುಡಿಯುವ ತಾಯಂದಿರ ಮಕ್ಕಳಿಗೆ ತೊದಲು ಹೆಚ್ಚು ಕಂಡಿದೆ ಎಂದಿದ್ದಳು. ಶಿವಬಸವ್ವ ಬಸ್ ಕಂಡಕ್ಟರ್. ಮಗಳು ಭುವನಾ ತನ್ನ ಹೆಸರು ಹೇಳಲಿಕ್ಕೂ ತಡವರಿಸುವ ಕೂಸು. ತಾನು ಟಿಕೆಟ್ ಹರಿಯುತ್ತ ತಿರುಗಿದ್ದಕ್ಕೇ ಹೀಗಾಯಿತೆಂದು ನಂಬಿ, ಅತ್ತೆ ಬೇಡವೆಂದರೂ ಕೇಳದೆ, ಕೆಲಸ ಬಿಡಲು ನಿಶ್ಚಯಿಸಿದಳು.

ಮುಂದಿನ ವಾರ ನಿಖತ ಅವಳದೇ ಬಸ್ಸು ಹತ್ತಿದಳು. ಟಿಕೆಟ್ ಕೊಡುತ್ತ ಶಿವಬಸವ್ವ ಕೆಲಸ ಬಿಡುವ ವಿಷಯ ಹೇಳಿ, ಕಣ್ಣು ತೆರೆಸಿದಿರಿ ಎಂದು ಕೈಮುಗಿದಳು. ನಿಖತ ಗಾಬರಿಯಾದಳು. ಹುನಗುಂದದ ನಿಲ್ದಾಣದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅವಳನ್ನು ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡಳು.

"ಅಕ್ಕಾ, ನಾ ಬರೇ ಕೇಳಿ ಬರಕೊಂಡಾಕಿ. ಎರಡೂ ಕೂಡೇ ಕಂಡ್ವು, ಅಷ್ಟ. ಇದರಿಂದನ ಅದಾತು ಅನ್ನಬೇಕಂದ್ರ, ಚೀಟಿ ಎತ್ತಿ ಅರ್ಧ ತಾಯಂದಿರನ್ನ ಕೆಲಸಕ್ಕ ಕಳಸಿ, ಉಳಿದವರನ್ನ ಮನ್ಯಾಗ ಇರಿಸಿ, ಆಮ್ಯಾಲೆ ಮಕ್ಕಳನ್ನ ನೋಡಬೇಕು. ಅದು ಪ್ರಯೋಗ. ಅಂಥಾದ್ದು ನಾ ಮಾಡಿಲ್ರಿ, ಯಾರೂ ಮಾಡಲೂಬಾರದು."

ತೊದಲು ಯಾವಾಗ ಶುರುವಾಯಿತೆಂದು ಆಮೇಲೆ ಮೆಲ್ಲಗೆ ಕೇಳಿದಳು. ಗಂಡ ಸಂಗಮೇಶ ತೀರಿಕೊಂಡ ಮೇಲೆ, ಎಂದಳು ಶಿವಬಸವ್ವ. ಅವನು ಅವಳ ಈಗಿನ ಬಸ್ ಡಿಪೋದಲ್ಲೇ ಡ್ರೈವರ್ ಆಗಿದ್ದ. ಅವನ ಸಾವಿನಿಂದಲೇ ತನಗೆ ಅನುಕಂಪದ ನೌಕರಿ ಸಿಕ್ಕದ್ದು. ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯಿತು. ನೌಕರಿ ಬರುವ ಮೊದಲೇ, ಅಳುವ ಮನೆಯಲ್ಲಿ, ಕೂಸು ತಡವರಿಸತೊಡಗಿತ್ತು.

"ಹಂಗಾರ ಅವರು ಹೋಗಿದ್ದಕ್ಕನ ಹಿಂಗಾತೇನ್ರಿ?"

"ಅದನ್ನೂ ನಾ ಹೇಳಾಕ ಬರಂಗಿಲ್ಲಕ್ಕಾ. ಆದ್ರ ನಿಮ್ಮನ್ನ ನೀವು ಬೈಕೋಬ್ಯಾಡ್ರಿ." ತೊದಲು ನೋಡುವ ಡಾಕ್ಟರು ಬಾಗಲಕೋಟೆಯಲ್ಲಿದ್ದಾರೆ, ಜೊತೆಗೆ ತಾನೂ ಬರುವೆನೆಂದಳು. ಶಿವಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಣ್ಣಗಾದ ಚಹಾವನ್ನು ಪೂರ್ತಿ ಕುಡಿದಳು. ಕೆಲಸ ಬಿಡುವ ಮಾತು ಅಲ್ಲಿಗೇ ಮುಗಿಯಿತು.

ಕೂಸು ಅತ್ತೀತೆಂದು ಆ ಮನೆಯಲ್ಲಿ ಸಂಗಮೇಶನ ಮಾತು ಯಾರೂ ತೆಗೆಯುತ್ತಿರಲಿಲ್ಲ. ಅಂದು ಸಂಜೆ ಶಿವಬಸವ್ವ ಮಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಅಪ್ಪ ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆದು ಇವಳನ್ನು ಕರೆಯುತ್ತಿದ್ದುದನ್ನು ಹೇಳಿದಳು. ಭುವನಾ ಅಳಲಿಲ್ಲ.

"ಅಪ್ಪ ನ... ನನ್ನ..."

ಇಷ್ಟು ದಿನ ಅವಸರಪಟ್ಟು ಮಾತು ತಾನೇ ಮುಗಿಸಿಬಿಡುತ್ತಿದ್ದ ತಾಯಿ ಈಗ ಕಾದಳು.

"ನನ್ನ ಸ್ಟೇ... ಸ್ಟೇರಿಂಗ್ ಮುಂದ ಕೂ... ಕೂಡಿಸ್ತಿದ್ದ," ಎಂದಿತು ಕೂಸು, ನಗುತ್ತ.