ಹಲಗೆ ತಳಕ್ಕಿಳಿದ ದೋಣಿ

ಗಂಡನ ಮಣ್ಣು ಮುಗಿದು, ನೆಂಟರೆಲ್ಲ ಊರಿಗೆ ಹೋದ ಮೇಲಿನ ಮೊದಲ ಬೆಳಗು. ನಲ್ಲಿಗೆ ನೀರು ಬಂತು. ಕೊಡ ತುಂಬಿಸಿದೆ.

ಅಂಗಳದಲ್ಲಿ ಮೈದುನ ಹುಲೆಪ್ಪ ಹಳೆಯ ಅಲ್ಯೂಮಿನಿಯಂ ದೋಣಿಗೆ ಬಲೆ ಏರಿಸುತ್ತಿದ್ದ. ಭೀಮಾ ಹೊಳೆಯಲ್ಲಿ ಅದೇ ದೋಣಿ ಮಗುಚಿ ನನ್ನ ಗಂಡ ದೇವಿಂದ್ರಪ್ಪ ತೀರಿಕೊಂಡಿದ್ದರು.

“ಎಲ್ಲಿಗಿ?”

“ಹೊಳಿಗಿ, ವೈನಿ. ಮನಿ ನಡೀಬೇಕಲ್ಲ.”

“ಈ ಹಲಗಿ ಮ್ಯಾಲ ನಿಂತು?”

ದೋಣಿಯ ಎರಡೂ ಅಂಚಿನ ಮೇಲೆ ಅಡ್ಡ ಹಲಗೆ ಕೂರಿಸಿದ್ದು ಗಂಡನೇ. ಬೀಸುಬಲೆ ಒಗೆಯುವವರು ನಮ್ಮಲ್ಲಿ ಹಾಗೆ ಎತ್ತರದಲ್ಲಿ ನಿಲ್ಲುತ್ತಾರೆ.

“ಎತ್ತರ ನಿಂತ್ರ ಬಲಿ ಅಗಲ ಬೀಳ್ತದ. ಅವತ್ತ ಅಣ್ಣನ ಟೈಮ್ ಸರಿ ಇರ್ಲಿಲ್ಲ.”

“ಟೈಮ್ ಅಲ್ಲ, ಹಲಗಿ ಸರಿ ಇರ್ಲಿಲ್ಲ.”

ಹಲಗೆ ಕೂರಿಸಲು ತಂದ ಡ್ರಿಲ್ ಮಷಿನ್ ಇನ್ನೂ ನಮ್ಮ ಮನೆಯಲ್ಲೇ ಇತ್ತು. ಅದು ಗಾಣಗಾಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಗೌಸಮೊಹಿದ್ದೀನರದು. ಅವರನ್ನು ಕರೆಸಿದೆ. ಬಂದವರು ಮಷಿನ್ ಕೇಳಲಿಲ್ಲ. ದೋಣಿಯ ಸುತ್ತ ಒಮ್ಮೆ ನಡೆದರು.

“ತಂಗಿ, ಭಾರ ಮ್ಯಾಲಿದ್ರ ದೋಣಿ ಉರುಳ್ತದ. ಹಲಗಿ ತಳಕ್ಕ ಹಾಕೂಣು. ಎರಡೂ ಬಾಜೂಕ ದಪ್ಪ ಪೈಪ್ ಕಟ್ಟೂಣು. ಬಾಯಿ ಮುಚ್ಚಿ, ಗಾಳಿ ಒಳಗೇ ಇರಂಗ.”

“ನಮ್ಮ ದೋಣಿ ನೋಡಿ ಹೊಳ್ಯಾನ ಎಮ್ಮಿ ನಗ್ತಾವ, ಭಾಯ್,” ಎಂದ ಹುಲೆಪ್ಪ.

“ನಗಲಿ ಬಿಡು. ಎಮ್ಮಿ ಎಂದಾದ್ರೂ ಉರುಳಿದ್ದು ನೋಡೀಯೇನು?”

ಹಲಗೆ ಬಿಚ್ಚಿ ತಳಕ್ಕೆ ಕೂರಿಸಿದೆವು. ಪೈಪ್ ಹಿಡಿಯುವ ಕಬ್ಬಿಣದ ಪಟ್ಟಿಗಳನ್ನು ಅಂಚಿಗೇ ಬಿಗಿದೆವು. ನೀರಿಗೆ ತಾಗುವ ಕಡೆ ಒಂದೂ ತೂತು ಮಾಡಲಿಲ್ಲ. ಅಂಚಿನ ತೂತುಗಳಲ್ಲಿ ಕೆಲವು ಗಂಡ ಹಲಗೆಗೆಂದು ಕೊರೆದದ್ದು. ಉಳಿದವನ್ನು ನಾನು ಕೊರೆದೆ.

ದೋಣಿಯನ್ನು ಮೊಣಕಾಲುದ್ದ ನೀರಿಗೆ ಇಳಿಸಿ, ಮನೆಯ ಗೂಟಕ್ಕೆ ತೂಗುತ್ತಿದ್ದ ಲೈಫ್ ಜಾಕೆಟ್ ಹಾಕಿಕೊಂಡು, ಹುಲೆಪ್ಪ ತಳದ ಹಲಗೆಯ ಮೇಲೆ ನಿಂತು ಬಲೆ ಒಗೆದ. ದೋಣಿ ವಾಲಿತು. ಪೈಪ್ ನೀರನ್ನು ಒತ್ತಿತು. ದೋಣಿ ಅಲ್ಲಿಗೇ ನಿಂತು, ನೆಟ್ಟಗಾಯಿತು.

“ಬಲಿ ಸಣ್ಣ ಬಿತ್ತಲ್ಲ,” ಎಂದ.

ದಡದಲ್ಲಿ ಕೂತಿದ್ದ ಅತ್ತೆ ಬಾಳಮ್ಮ ಅವತ್ತು ಮೊದಲ ಸಲ ಬಾಯಿ ತೆರೆದರು. “ಬೀಳಲಿ. ನೀ ಬೀಳಲಿಲ್ಲಲ್ಲ.”

ಹುಲೆಪ್ಪ ಇನ್ನೊಮ್ಮೆ ಒಗೆದ. ಆಮೇಲೆ ಹಲಗೆಯ ಮಾತು ಎತ್ತಲಿಲ್ಲ.

ನದಿಗೆ ಇಳಿಯುವ ಅಣ್ಣತಮ್ಮಂದಿರೇ, ನಿಮ್ಮ ದೋಣಿಯ ಮೇಲೂ ಅಂಥ ಹಲಗೆ ಇದ್ದರೆ ಇಂದೇ ಬಿಚ್ಚಿ. ಭಾರ ತಳದಲ್ಲಿರಲಿ. ಮೊದಲು ದಡದ ನೀರಿನಲ್ಲಿ ನಿಂತು ನೋಡಿ. ಜಾಕೆಟ್ ಗೂಟದ ಮೇಲಲ್ಲ, ಮೈಮೇಲಿರಲಿ. ಅಕ್ಕತಂಗಿಯರೇ, ಕೇಳುವುದಿಲ್ಲವೆಂದು ಸುಮ್ಮನಿರಬೇಡಿ, ಇನ್ನೊಮ್ಮೆ ಹೇಳಿ.

ಮರುದಿನ ಡ್ರಿಲ್ ಮಷಿನ್ ಒರೆಸಿ, ವೈರು ಸುತ್ತಿ, ಗೌಸಭಾಯಿಯ ಅಂಗಡಿಗೆ ಒಯ್ದೆ.

“ಒಂದಿನದ ಕೆಲಸ ಅಂತ ಒಯ್ದಿದ್ದ ದೇವಿಂದ್ರಪ್ಪ,” ಎಂದರು.

“ಹೌದ್ರಿ. ಈಗ ಮುಗೀತು.”